ತಂಗಿಯ ನೋಟ್‌ಬುಕ್ಕಿನಲ್ಲಿ ನನ್ನ ಅಕ್ಷರ

ನಮ್ಮ ಖೋಲಿಯ ನೆಲದಲ್ಲಿ ಒಂದೇ ಬಣ್ಣದ ಎರಡು ಟೈಲ್ಸು ಅಕ್ಕಪಕ್ಕ ಇರಲಿಲ್ಲ. ಅಪ್ಪ ಟೈಲ್ಸ್ ಕೂರಿಸುವ ಮಿಸ್ತ್ರಿ. ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದವನು, ಪವಾಯಿಯಲ್ಲಿ ಆಗ ಏಳುತ್ತಿದ್ದ ದೊಡ್ಡ ದೊಡ್ಡ ಬಿಲ್ಡಿಂಗುಗಳಲ್ಲಿ ಕೆಲಸ ಮಾಡುತ್ತಿದ್ದ. ಮೂಲೆ ಮುಕ್ಕಾದವು, ಬಣ್ಣ ಹೊಂದದವು, ಅಳತೆ ತಪ್ಪಿ ಕತ್ತರಿಸಿದವು ಹೀಗೆ ಅಲ್ಲಿ ಬೇಡವೆಂದು ಒಗೆದದ್ದನ್ನೆಲ್ಲ ಕೇಳಿಕೊಂಡು ಸಿಮೆಂಟಿನ ಖಾಲಿ ಚೀಲದಲ್ಲಿ ತುಂಬಿ ಆಂಟಾಪ್ ಹಿಲ್ಲಿನ ನಮ್ಮ ಚಾಳಿಗೆ ತರುತ್ತಿದ್ದ. ಭಾನುವಾರ ಬಂತೆಂದರೆ ಹಾಸಿಗೆ, ಡಬ್ಬ, ಟ್ರಂಕು ಎಲ್ಲ ಹೊರಗಿನ ಗ್ಯಾಲರಿಗೆ. ಅಪ್ಪ ಒಂದು ಮೂಲೆಯಲ್ಲಿ ಗಾರೆ ಕಲಸುತ್ತ ಕೂರುವನು. ನನ್ನ ತಂಗಿ ಕಸ್ತೂರಿ ಚೀಲ ಸುರಿದು, ಚೂರುಗಳನ್ನು ನೆಲದ ಮೇಲೆ ಹರಡಿ, ಸ್ವಲ್ಪ ಹೊತ್ತು ಸುಮ್ಮನೆ ನೋಡುವಳು. ಆಮೇಲೆ ಒಂದೊಂದಾಗಿ ಎತ್ತಿ ಕೊಡುವಳು. ಆಕೆ ಕೊಟ್ಟ ತುಂಡು ಆ ಸಂದಿಯಲ್ಲಿ ತಾನಾಗಿ ಹೋಗಿ ಕೂರುತ್ತಿತ್ತು.

"ಅಪ್ಪಾ, ಅದನ್ನ ತಿರುವಿ ಹಚ್ಚು. ಹೂವಿನ ಎಸಳು ಆ ಕಡಿ ಬರಬೇಕು."

ಅಪ್ಪ ತಿರುವಿ ಹಚ್ಚುತ್ತಿದ್ದ. ಬೇರೆ ಯಾರ ಮಾತನ್ನೂ ಕೇಳದ ಮನುಷ್ಯ ಅವನು. ನಾನು ಬಾಗಿಲಲ್ಲಿ ಪುಸ್ತಕ ಹಿಡಿದು ಕೂತು, ಇದೆಲ್ಲ ಬುದ್ಧಿಯಿಲ್ಲದವರ ಕೆಲಸ ಎನ್ನುವ ಮುಖ ಮಾಡುತ್ತಿದ್ದೆ. ಏಕೆಂದರೆ ನಮ್ಮ ಮನೆಯಲ್ಲಿ ಬುದ್ಧಿವಂತೆ ನಾನು. ಅದು ಇಡೀ ಚಾಳಿಗೆ ಗೊತ್ತಿದ್ದ ವಿಷಯ. ಊರಿನಿಂದ ಬಂದ ಪತ್ರವನ್ನು ಓದುವವಳು ನಾನು, ರೇಷನ್ ಅಂಗಡಿಯವನ ಹತ್ತಿರ ಮರಾಠಿಯಲ್ಲಿ ವಾದ ಮಾಡುವವಳು ನಾನು. ಪಕ್ಕದ ಖೋಲಿಯ ಸರೋಜಕ್ಕ ಉಡುಪಿ ಕಡೆಯವಳು, ಗಂಡ ಮಾಟುಂಗಾದ ಹೋಟೆಲಿನಲ್ಲಿ ಅಡುಗೆಗೆ ಇದ್ದ. ಆಕೆ ನೀರುದೋಸೆ ಮಾಡಿದ ದಿನ ತಟ್ಟೆ ಮುಚ್ಚಿಕೊಂಡು ಬಂದು, ಮೊದಲ ದೋಸೆಯನ್ನು ನನ್ನ ಕೈಗೇ ಕೊಟ್ಟು, "ಇವಳು ಒಂದು ದಿನ ಆಫೀಸರ್ ಆಗುದೇ" ಎನ್ನುತ್ತಿದ್ದಳು. ಕಸ್ತೂರಿ ಎರಡನೆಯ ದೋಸೆ ತಿಂದು ನಗುತ್ತಿದ್ದಳು. ಆಕೆಗೆ ಹೊಟ್ಟೆಕಿಚ್ಚು ಎಂಬುದೇ ಗೊತ್ತಿರಲಿಲ್ಲ.

ಬೆಳಗಿನ ಐದಕ್ಕೆ ನಳ ಬರುತ್ತಿತ್ತು. ಚಾಳಿಗೆಲ್ಲ ಸೇರಿ ಕೆಳಗೆ ಅಂಗಳದಲ್ಲಿ ಎರಡೇ ನಳ, ಮೇಲೆ ನಮ್ಮ ಮೂಲೆಯ ಮೋರಿಯಲ್ಲಿ ಒಂದು ದೊಡ್ಡ ಪೀಪಾಯಿ. ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಆ ಮೋರಿಯಲ್ಲೇ ಆಗಬೇಕು, ಹಾಗಾಗಿ ಪೀಪಾಯಿ ತುಂಬಲೇಬೇಕು. ಅವ್ವ ನಮ್ಮಿಬ್ಬರಿಗೂ ಆರಾರು ಕೊಡ ಹಂಚಿದ್ದಳು. ನನಗೆ ಆ ಹೊತ್ತಿಗೆ ಏಳುವುದೆಂದರೆ ಜೀವ ಹೋದಂತೆ. ಕಸ್ತೂರಿಗೆ ಜೀವ ಹೋಗುತ್ತಿದ್ದದ್ದು ಬರೆಯುವುದರಲ್ಲಿ. ಹೀಗೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದ ಹುಟ್ಟಿತು. ಆಕೆ ನನ್ನ ಆರು ಕೊಡವನ್ನೂ ಹೊರುವುದು, ನಾನು ಆಕೆಯ ಮನೆಪಾಠ ಬರೆದುಕೊಡುವುದು. ಯಾರು ಮೊದಲು ಈ ಮಾತು ಎತ್ತಿದರೋ ನೆನಪಿಲ್ಲ. ನಾನೇ ಇರಬೇಕು. ಅವ್ವ ಸಂಜೆ ಸಂತೆಗೆ ಹೋದಾಗ ನಾನು ಅಕ್ಷರಗಳನ್ನು ಸ್ವಲ್ಪ ಎಡಕ್ಕೆ ವಾಲಿಸಿ, ನನ್ನದಲ್ಲವೆನ್ನುವಂತೆ ಆಕೆಯ ನೋಟ್‌ಬುಕ್ಕು ತುಂಬಿಸುತ್ತಿದ್ದೆ. ಬೇಕೆಂದೇ ಒಂದೆರಡು ತಪ್ಪನ್ನೂ ಹಾಕುತ್ತಿದ್ದೆ. ಆ ಜಾಣತನದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಆಕೆಗೆ ಓದಲು ಬರುವುದಿಲ್ಲ ಎಂಬುದು ನನ್ನೊಬ್ಬಳಿಗೇ ಗೊತ್ತಿತ್ತು. ನಾನು ಎರಡು ಸಲ ಗಟ್ಟಿಯಾಗಿ ಓದಿದರೆ ಸಾಕು, ಪಾಠ ಆಕೆಗೆ ಬಾಯಿಪಾಠ. ಪುಸ್ತಕ ಹಿಡಿದು ಓದುವಂತೆಯೇ ಒಪ್ಪಿಸುತ್ತಿದ್ದಳು. ಪುಟ ತಿರುಗಿಸುವುದು ತಡವಾದರೂ ಪಾಠ ಮಾತ್ರ ಮುಂದಕ್ಕೆ ಹೋಗುತ್ತಿತ್ತು. ಮ, ವ, ಪ ಮೂರನ್ನೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಡುತ್ತಿದ್ದಳು. ಒತ್ತಕ್ಷರ ಬಂತೆಂದರೆ ಬೆರಳು ಅಲ್ಲೇ ನಿಂತುಬಿಡುತ್ತಿತ್ತು. ಒಮ್ಮೆ ಕೇಳಿದಳು:

"ಅಕ್ಕಾ, ಮೊದ್ಲ ಕೆಳಗಿನ ಅಕ್ಷರ ಓದೂದೋ, ಮ್ಯಾಲಿಂದೋ? ನಿನಗ ಹೆಂಗ ಗೊತ್ತಾಗತೈತಿ?"

ನಾನು ಬಿದ್ದು ಬಿದ್ದು ನಕ್ಕೆ. ಆಕೆಯೂ ನಕ್ಕಳು. ನನಗೆ ಹೇಗೆ ಗೊತ್ತಾಗುತ್ತದೆ ಎಂದು ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ.

ನಾವಿಬ್ಬರೂ ಮುನ್ಸಿಪಾಲಿಟಿಯ ಕನ್ನಡ ಶಾಲೆಗೆ ಹೋಗುತ್ತಿದ್ದೆವು. ನಾನು ಆರನೇ ಇಯತ್ತೆಯಲ್ಲಿದ್ದಾಗ ಕಸ್ತೂರಿ ಎರಡನೆಯ ಸಲ ಮೂರನೇ ಇಯತ್ತೆಯಲ್ಲಿ ಕೂತಿದ್ದಳು. ಆಕೆಯ ಟೀಚರು ಧಾರವಾಡದವರು, ನಡುವಯಸ್ಸಿನ ಹೆಂಗಸು, ಮಕ್ಕಳ ಮೇಲೆ ಕೈ ಮಾಡಿದವರಲ್ಲ. ಒಂದು ದಿನ ಅವ್ವನನ್ನು ಕರೆಸಿ, ಮೇಜಿನ ಮೇಲೆ ಕಸ್ತೂರಿಯ ನೋಟ್‌ಬುಕ್ಕನ್ನೂ ಪರೀಕ್ಷೆಯ ಪೇಪರನ್ನೂ ಒಟ್ಟಿಗೆ ಇಟ್ಟರು.

"ನೋಡ್ರೀ, ಮನಿಯೊಳಗ ಮುತ್ತಿನಂಥ ಅಕ್ಷರ. ಪರೀಕ್ಷಾದಾಗ ಇರಿವಿ ಹರದಾಡಿದಂಗ. ಬಾಯಿಲೆ ಕೇಳಿದ್ರ ಎಲ್ಲಾ ಹೇಳ್ತಾಳ. ಎಲ್ಲೋ ಏನೋ ತೊಡಕೈತಿ. ದೊಡ್ಡ ಸರ್ಕಾರಿ ದವಾಖಾನಿಯೊಳಗ ಇಂಥಾ ಮಕ್ಕಳನ್ನ ತಪಾಸಣೆ ಮಾಡೂ ವಿಭಾಗ ಐತಿ. ಚೀಟಿ ಬರದ ಕೊಡ್ತೀನಿ. ತೊಂದರಿ ಐತಿ ಅಂತ ಅವರು ಕಾಗದಾ ಕೊಟ್ರ ಪರೀಕ್ಷಾದಾಗ ಹೆಚ್ಚಿನ ವೇಳ್ಯಾ ಸಿಗತೈತಿ, ಕಾಗುಣಿತದ ತಪ್ಪಿಗೆ ಮಾರ್ಕ್ಸ್ ಕಡಿಯಂಗಿಲ್ಲ."

ಅವ್ವ ಸೆರಗಿನಲ್ಲಿ ಚೀಟಿ ಕಟ್ಟಿಕೊಂಡು ಬಂದಳು. ಮನೆಯಲ್ಲಿ ಜಗಳವಾಯಿತು. ಅಪ್ಪ ತಾಟಿನ ಮುಂದೆ ಕೂತಿದ್ದ. ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಗೇ ಇತ್ತು.

"ತಲಿ ತಪಾಸಣೆ ಮಾಡಸ್ತಾರಂತ! ಹುಚ್ಚರಿಗೆ ಮಾಡಸೂದ ಅದು. ನಾಳೆ ಆಕೀನ್ನ ಯಾರ ಮಾಡ್ಕೋತಾರ? ಸಾಲಿ ಹತ್ತಲಿಲ್ಲಂದ್ರ ಊರಾಗ ನಮ್ಮಕ್ಕನ ಮನ್ಯಾಗ ಇರ್ಲಿ. ಕೆಲಸಾ ಕಲೀತಾಳ."

"ಊರಾಗ ಆಡ ಕಾಯಾಕ ಹಡದೇನೇನ ನಾ?" ಎಂದಳು ಅವ್ವ. ಅವ್ವ ಧ್ವನಿ ಏರಿಸುವುದು ಅಪರೂಪ. "ಒಂದ ಸಲ ತೋರಸ್ತೀನಿ. ಅವರು ಏನೂ ಇಲ್ಲ ಅಂದ್ರ ನೀ ಹೇಳಿದಂಗ ಆಗ್ಲಿ."

ಆ ಮಾತಿನ ಮೇಲೆ ನಾವು ಹೋದೆವು. ಅವ್ವನಿಗೆ ಕನ್ನಡ ಬಿಟ್ಟರೆ ತರಕಾರಿ ಕೊಳ್ಳುವಷ್ಟು ಹಿಂದಿ. ಹಾಗಾಗಿ ನನ್ನನ್ನೂ ಶಾಲೆ ಬಿಡಿಸಿ ಕರೆದುಕೊಂಡು ಹೋದಳು. ಎರಡನೆಯ ಮಾಳಿಗೆಯಲ್ಲಿ ಉದ್ದನೆಯ ಬೆಂಚು, ಅದರ ಮೇಲೆ ನಮ್ಮಂಥದೇ ತಾಯಂದಿರು, ಮಕ್ಕಳು. ಒಳಗೆ ತಪಾಸಣೆ ಮಾಡುವ ಮೇಡಂ ಹತ್ತಿಯ ಸೀರೆ ಉಟ್ಟ ಮರಾಠಿ ಹೆಂಗಸು, ಕನ್ನಡಕದ ಮೇಲಿನಿಂದ ನೋಡುವವರು. ನಾನು ದುಭಾಷಿ ಎಂದು ತಿಳಿದ ಮೇಲೆ ನನಗೂ ಒಂದು ಸ್ಟೂಲು ಹಾಕಿಸಿದರು. ಆ ಸ್ಟೂಲಿನ ಮೇಲೆ ಕೂತಾಗ ನಾನು ಸರೋಜಕ್ಕ ಹೇಳಿದ ಆಫೀಸರೇ ಆಗಿಬಿಟ್ಟೆ.

ಮೇಡಂ ಒಂದೊಂದೇ ಪ್ರಶ್ನೆ ಕೇಳುತ್ತ ಹೋದರು. ಹೆರಿಗೆ ಕಷ್ಟವಾಯಿತೇ, ಎಷ್ಟನೇ ತಿಂಗಳಿಗೆ ನಡೆದಳು, ಯಾವಾಗ ಮಾತು ಬಂತು, ತಲೆಗೆ ಪೆಟ್ಟು ಬಿದ್ದಿತ್ತೇ, ಕಿವಿ ಸೋರುತ್ತದೆಯೇ. ಅವ್ವ ಪ್ರತಿಯೊಂದಕ್ಕೂ ಕತೆಯನ್ನೇ ಹೇಳುತ್ತಿದ್ದಳು, ನಾನು ಎರಡು ಮಾತಿಗೆ ಇಳಿಸಿ ಒಪ್ಪಿಸುತ್ತಿದ್ದೆ. ಆಮೇಲೆ ಮೇಡಂ ನೋಟ್‌ಬುಕ್ಕು ತೆರೆದು ಕೇಳಿದರು:

"ಘರೀ ಅಭ್ಯಾಸ್ ಸ್ವತಃ ಕರತೇ ಕಾ?"

ಮನೆಯಲ್ಲಿ ಅಭ್ಯಾಸ ತಾನೇ ಮಾಡುತ್ತಾಳಾ ಎಂದು. ಹೌದೆಂದರೆ ಸುಳ್ಳು, ಇಲ್ಲವೆಂದರೆ ಅವ್ವನ ಎದುರಿಗೇ ಎಲ್ಲ ಬಯಲು. ನಾನು ಅವ್ವನ ಕಡೆ ತಿರುಗಿ ಬೇರೆಯದನ್ನೇ ಕೇಳಿದೆ:

"ಯವ್ವಾ, ಮನ್ಯಾಗ ಕೆಲಸಾ ಮಾಡ್ತಾಳೇನು ಅಂತ ಕೇಳಾಕತ್ತಾರ."

"ಮಾಡ್ತಾಳ ಅಂತ ಹೇಳವಾ," ಎಂದಳು ಅವ್ವ ಮುಖ ಅರಳಿಸಿ. "ಎಲ್ಲಾ ತಾನ ಮಾಡ್ತಾಳ. ಯಾವುದಕ್ಕೂ ಒಲ್ಲೆ ಅನ್ನಂಗಿಲ್ಲ ನನ್ನ ಮಗಳು."

ನಾನು ಮೇಡಂ ಕಡೆ ತಿರುಗಿ, ಎಲ್ಲ ತಾನೇ ಮಾಡುತ್ತಾಳಂತೆ ಎಂದೆ. ಅವ್ವ ತಲೆಯಾಡಿಸಿದ್ದನ್ನೂ ನಕ್ಕಿದ್ದನ್ನೂ ಮೇಡಂ ಕಣ್ಣಾರೆ ಕಂಡಿದ್ದರು, ಬರೆದುಕೊಂಡರು. ಚಾಳಿನ ಅಂಗಳದಲ್ಲಿ ಮರಾಠಿ ಮಕ್ಕಳ ಜೊತೆ ಆಡಿ ಬೆಳೆದ ಕಸ್ತೂರಿಗೆ ಆ ಪ್ರಶ್ನೆ ಅರ್ಥವಾಗಿತ್ತು. ಆಕೆ ನನ್ನ ಮುಖವನ್ನೇ ನೋಡಿದಳು.

ಆಮೇಲೆ ಆಕೆಯ ತಪಾಸಣೆ ಶುರುವಾಯಿತು. ಅವ್ವನನ್ನು ಹೊರಗೆ ಕೂರಿಸಿದರು. ಮಾತು ತಿಳಿಯದಿದ್ದರೆ ಹೇಳಲು ನಾನು ಬೇಕಿತ್ತು, ಆದರೆ ಉತ್ತರ ಹೇಳಿಕೊಡಬಾರದು ಎಂದು ಬೆರಳು ತೋರಿಸಿದರು. ಚಿತ್ರದಲ್ಲಿ ಏನು ಇಲ್ಲ ಹೇಳು ಎಂದಾಗ ಕಸ್ತೂರಿ ನಾನು ನೋಡಿ ಮುಗಿಸುವ ಮೊದಲೇ ಬೆರಳಿಟ್ಟಳು. ಅಂಕಿಗಳನ್ನು ಹಿಂದುಮುಂದಾಗಿ ಹೇಳು ಎಂದಾಗ ತಡವರಿಸಿದಳು. ಕೊನೆಗೆ ಮೇಡಂ ಬಣ್ಣದ ಕಟ್ಟಿಗೆಯ ತುಂಡುಗಳನ್ನು ಸುರಿದು, ಒಂದು ಕಾರ್ಡು ತೋರಿಸಿ, ಇದೇ ನಮೂನೆ ಮಾಡು ಎಂದರು. ಕಸ್ತೂರಿ ಭಾನುವಾರದ ಹಾಗೆ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ಕೈ ಓಡಿತು. ಎರಡನೆಯ ಕಾರ್ಡು, ಮೂರನೆಯದು, ಆರನೆಯದು. ನಾನು ಸ್ಟೂಲಿನ ಮೇಲೆ ಕೂತು ಮನಸ್ಸಿನಲ್ಲೇ ಆ ತುಂಡುಗಳನ್ನು ಜೋಡಿಸಲು ನೋಡಿದೆ. ನಾಲ್ಕನೆಯ ಕಾರ್ಡಿಗೇ ನನ್ನ ತಲೆ ನಿಂತುಹೋಗಿತ್ತು. ಮೇಡಂ ಕೈಯಲ್ಲಿದ್ದ ಗಡಿಯಾರವನ್ನೊಮ್ಮೆ, ಈ ಹುಡುಗಿಯನ್ನೊಮ್ಮೆ ನೋಡಿ, "ಅರೆ ವಾ!" ಎಂದರು. ಆ ಎರಡು ಶಬ್ದ ಹುಟ್ಟಿದಾಗಿನಿಂದ ನನ್ನವಾಗಿದ್ದವು. ಇನ್ನೊಬ್ಬರಿಗೆ ಹೋದಾಗ ಎದೆಯಲ್ಲಿ ಆದದ್ದಕ್ಕೆ ಹೆಸರು ಹುಡುಕಲು ನನಗೆ ಬಹಳ ವರ್ಷ ಬೇಕಾದವು.

ಮೇಡಂ ಅವ್ವನನ್ನು ಒಳಗೆ ಕರೆದು ಹೇಳಿದ್ದನ್ನು ಈ ಸಲ ಸರಿಯಾಗಿಯೇ ದಾಟಿಸಿದೆ. ಹುಡುಗಿಗೆ ಬುದ್ಧಿ ಚೆನ್ನಾಗಿದೆ, ವಯಸ್ಸಿಗಿಂತ ಮುಂದೆಯೇ ಇದೆ. ಮೇಡಂಗೆ ಕನ್ನಡ ಬರದ ಕಾರಣ ಓದು ಬರಹವನ್ನು ನೋಟ್‌ಬುಕ್ಕು ನೋಡಿಯೇ ತಿಳಿಯಬೇಕು. ಮನೆಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಬರೆಯುವವಳು ಶಾಲೆಯಲ್ಲಿ ಬರೆಯದಿದ್ದರೆ ಅದು ಕಲಿಕೆಯ ತೊಂದರೆ ಎಂದು ಹೇಳಲಾಗದು, ಮನಸ್ಸಿಲ್ಲದಿರಬಹುದು, ಪರೀಕ್ಷೆಯ ಭಯವಿರಬಹುದು. ಕಾಗದ ಕೊಡಲು ಬರುವುದಿಲ್ಲ. ಬೇಕಾದರೆ ಮುಂದಿನ ವಾರ ಇನ್ನೊಮ್ಮೆ ಬನ್ನಿ.

ಅಪ್ಪನಿಗೆ ಅದರಲ್ಲಿ ಕೇಳಿಸಿದ್ದು ಒಂದೇ ಮಾತು.

"ಬುದ್ಧಿ ಐತಿ, ಬರಿಯಾಕೂ ಬರತೈತಿ. ಅಂದ್ರ ಮೈಗಳ್ಳತನ! ಇಷ್ಟ ದಿವಸ ಪಾಪ ಅಂತಿದ್ದೆ ನಾ."

ಟೈಲ್ಸು ಹೊತ್ತು ಒರಟಾದ ಕೈ. ಒಂದೇ ಏಟು, ಅಷ್ಟೇ. ಅದಕ್ಕೂ ಮೊದಲು ಅಪ್ಪ ಆಕೆಯನ್ನು ಹೊಡೆದದ್ದಿಲ್ಲ. ದಡ್ಡಿ ಎಂದಾಗ ಎಂದೂ ಅಳದಿದ್ದ ಕಸ್ತೂರಿ ಆ ದಿನ ಮೋರಿಯ ಪರದೆ ಹಿಂದೆ ಹೋಗಿ ಅತ್ತಳು. ಒಂದು ಮಾತು, ಅಕ್ಕ ಬರೆಯುತ್ತಾಳೆ ಎಂಬ ಒಂದೇ ಮಾತು ಸಾಕಿತ್ತು. ಆಡಲಿಲ್ಲ. ರಜೆ ಬಿದ್ದ ಕೂಡಲೇ ಊರಿಗೆ ಎಂದು ಅಪ್ಪ ತೀರ್ಮಾನಿಸಿದ. ಮರುದಿನ ಬೆಳಗ್ಗೆ ಎಚ್ಚರಾಗಿ ನೋಡಿದರೆ ಪೀಪಾಯಿ ತುಂಬುತ್ತ ಬಂದಿತ್ತು. ಕಸ್ತೂರಿ ಊದಿಕೊಂಡ ಕೆನ್ನೆಯಲ್ಲಿ, ಒದ್ದೆ ಫ್ರಾಕಿನಲ್ಲಿ, ನನ್ನ ಆರನೆಯ ಕೊಡವನ್ನು ಸುರಿಯುತ್ತಿದ್ದಳು.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಅವ್ವ ಸ್ಟವ್ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಂದೆ ನಿಂತುಕೊಂಡೇ ಎಲ್ಲ ಹೇಳಿದೆ: ನೋಟ್‌ಬುಕ್ಕು, ಕೊಡ, ದವಾಖಾನೆಯಲ್ಲಿ ಬದಲಿಸಿದ ಪ್ರಶ್ನೆ. ಅವ್ವ ತಿರುಗಲಿಲ್ಲ. ಕೈ ನಿಲ್ಲಲಿಲ್ಲ. ಹಿಟ್ಟು ಮುಗಿಯುವತನಕ ಬಡಿದಳು, ಬೇಯಿಸಿದಳು, ಬುಟ್ಟಿಯಲ್ಲಿ ಇಟ್ಟು ಬಟ್ಟೆ ಮುಚ್ಚಿದಳು. ಆಮೇಲೆ ನನ್ನ ಕಡೆ ನೋಡಿದಳು.

"ನೀ ಸುಳ್ಳ ಹೇಳಿದ್ದಕ್ಕ ಅಲ್ಲ. ಸಣ್ಣಾಕಿ ಅದಿ, ಹೇಳ್ತಿ. ಆದ್ರ ನನ್ನ ಬಾಯಿಲೆ ಸುಳ್ಳ ಹೇಳಿಸಿದೆಲ್ಲ. ನಾ ನಕ್ಕೋತ ಹೇಳಿದ್ನಲ್ಲ ನನ್ನ ಮಗಳ ಗುಣಾ!"

ಹೊಡೆದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ಮುಂದಿನ ವಾರ ಅವ್ವ ನನ್ನನ್ನು ದುಭಾಷಿಯಾಗಿ ಕರೆದೊಯ್ಯಲಿಲ್ಲ. ಮರಾಠಿ ಬರುತ್ತಿದ್ದ ಸರೋಜಕ್ಕನನ್ನು ಕರೆದಳು. ನನಗೆ ಹೇಳಿದ್ದು ಇಷ್ಟೇ: "ನೀನೂ ಬಾ. ನಿಂದು ನೀನ ಹೇಳು." ಸ್ಟೂಲು ಸರೋಜಕ್ಕನಿಗೆ ಹೋಯಿತು. ನಾನು ಮೇಜಿನ ಮುಂದೆ ನಿಂತು, ಅಷ್ಟು ಸಲೀಸಾಗಿ ಬರುತ್ತಿದ್ದ ಮರಾಠಿಯಲ್ಲಿ ತೊದಲುತ್ತ, ಇದೆಲ್ಲ ನನ್ನ ಅಕ್ಷರ ಎಂದೆ. ಮೇಡಂ ಬೈಯಲಿಲ್ಲ. ಬಿಳಿ ಹಾಳೆ ಕೊಟ್ಟು ನನಗೊಂದು ಸಾಲು ಬರೆಯಲು ಹೇಳಿ, ನೋಟ್‌ಬುಕ್ಕಿನ ಪಕ್ಕ ಹಿಡಿದು ನೋಡಿದರು. ಆಮೇಲೆ ಸರೋಜಕ್ಕನ ಕೈಗೆ ಪಾಠದ ಪುಸ್ತಕ ಕೊಟ್ಟು ನಿಧಾನವಾಗಿ ಓದಲು ಹೇಳಿದರು, ಕಸ್ತೂರಿಗೆ ಬರೆಯಲು ಹೇಳಿದರು.

ನಾನು ತಂಗಿ ಬರೆಯುವುದನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಪೆನ್ಸಿಲನ್ನು ಮುರಿಯುವಂತೆ ಹಿಡಿದಿದ್ದಳು. ಅಕ್ಷರ ಬರೆಯುವ ಮೊದಲು ತುಟಿ ಮೂರು ಸಲ ಅಲುಗುತ್ತಿತ್ತು. 'ಬೆಕ್ಕು' ಎನ್ನುವಲ್ಲಿ 'ಬುಕೆ' ಎಂದಾಯಿತು, ಅಳಿಸಿದಳು, 'ಬಕು' ಎಂದಾಯಿತು. ನಾಲ್ಕು ಸಾಲಿಗೆ ಅರ್ಧ ಗಂಟೆ. ಕುತ್ತಿಗೆಯಿಂದ ಬೆವರು ಇಳಿದು ಕಾಲರು ಒದ್ದೆಯಾಯಿತು.

"ಅಯ್ಯೋ ದೇವರೇ, ಎಂತ ಕಷ್ಟ ಪಡ್ತಾ ಉಂಟು ಮಾರಾಯ್ತಿ ಈ ಮಗು," ಎಂದು ಸರೋಜಕ್ಕ ಓದುವುದನ್ನೇ ನಿಲ್ಲಿಸಿದಳು. "ಇದನ್ನು ಸೋಮಾರಿ ಅಂತ ಹೇಳಿದ್ದು ಯಾರು?"

ಮೇಡಂ ಆ ಹಾಳೆಯನ್ನು ಪುಸ್ತಕದ ಪಕ್ಕ ಹಿಡಿದು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದರು. ಆಮೇಲೆ ಹೇಳಿದರು, ಸರೋಜಕ್ಕ ತನ್ನ ಕನ್ನಡದಲ್ಲಿ ಅವ್ವನಿಗೆ ದಾಟಿಸಿದಳು: "ಇವಳು ದಡ್ಡಿ ಅಲ್ಲ, ಸೋಮಾರಿಯೂ ಅಲ್ಲ ಅಂತೆ. ತಲೆ ಒಳ್ಳೇದುಂಟು. ಅಕ್ಷರ ಮಾತ್ರ ಅವಳಿಗೆ ಬೇರೆಯವರ ಹಾಗೆ ನಿಲ್ಲುದಿಲ್ಲ. ಹುಟ್ಟಿನಿಂದಲೇ ಹಾಗೆ. ಔಷಧಿ ಇಲ್ಲ. ಬೇರೆ ರೀತಿ ಕಲಿಸಬೇಕು, ತಾಳ್ಮೆ ಬೇಕು. ಇನ್ನೂ ಒಂದೆರಡು ಸಲ ಬರ್ಬೇಕು, ಮತ್ತೆ ಕಾಗದ ಕೊಡ್ತಾರಂತೆ." ಅವ್ವ ಸೆರಗಿನಿಂದ ಕಸ್ತೂರಿಯ ಕುತ್ತಿಗೆ ಒರೆಸಿದಳು.

ಅಪ್ಪನಿಗೆ ಅವ್ವ ಎಲ್ಲ ಹೇಳಿದಳು, ನನ್ನದನ್ನೂ ಸೇರಿಸಿ. ನಾನು ಏಟಿಗೆ ಕಾದು ಗೋಡೆಗೆ ಒರಗಿ ನಿಂತಿದ್ದೆ. ಅಪ್ಪ ನನ್ನ ಕಡೆ ನೋಡಲೂ ಇಲ್ಲ.

"ಹಂಗಾರ ನಾ ಹೊಡದದ್ದು ಸುಮ್ಮ ಸುಮ್ಮನ ಆತಲ್ಲ," ಎಂದ.

ಮಗಳ ಹತ್ತಿರ ತಪ್ಪಾಯಿತು ಎನ್ನುವುದನ್ನು ಅವನ ಕಾಲದ ಗಂಡಸರಿಗೆ ಯಾರೂ ಕಲಿಸಿರಲಿಲ್ಲ. ಊರಿನ ಮಾತನ್ನು ಮತ್ತೆ ಎತ್ತಲಿಲ್ಲ, ಅಷ್ಟೇ. ಮುಂದಿನ ಭಾನುವಾರ ಕಸ್ತೂರಿಗೆ ಹೊಸ ಫ್ರಾಕು ಹಾಕಲು ಹೇಳಿ, ತಾನು ಕೆಲಸ ಮಾಡುವ ಪವಾಯಿಯ ಬಿಲ್ಡಿಂಗಿಗೆ ಕರೆದುಕೊಂಡು ಹೋದ. ಹದಿಮೂರನೆಯ ಮಾಳಿಗೆಯ ಕಿಟಕಿಯಿಂದ ಕೆರೆ ತೋರಿಸಿದನಂತೆ. ಯಾರದೋ ಮನೆಯ ಹಾಲಿನಲ್ಲಿ, ಮುಕ್ಕಾಗದ, ಹೊಚ್ಚ ಹೊಸ ಟೈಲ್ಸುಗಳನ್ನು ಹರಡಿ, "ಹೆಂಗ ಬರಬೇಕು ಹೇಳು" ಎಂದನಂತೆ. ಅವಳು ಬಂದು ಹೇಳಿದ್ದು ಕೇಳಿ ಅವ್ವ ನಕ್ಕಳು, ನಾನು ಕಿಟಕಿಯ ಕಡೆ ತಿರುಗಿ ಕೂತೆ. ನನ್ನನ್ನು ಅಪ್ಪ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ.

ಕಸ್ತೂರಿಯ ಮುಂದಿನ ದಾರಿ ಸುಲಭವಾಗಿರಲಿಲ್ಲ. ಹತ್ತನೆಯದನ್ನು ಎರಡನೆಯ ಸಲಕ್ಕೆ ಪಾಸು ಮಾಡಿದಳು, ಸರ್ಕಾರದ ಕಾಗದದಿಂದ ಸಿಕ್ಕ ಹೆಚ್ಚಿನ ಹೊತ್ತನ್ನು ಕೊನೆಯ ನಿಮಿಷದವರೆಗೂ ಬಳಸಿ. ಆಮೇಲೆ ನಕ್ಷೆ ಬಿಡಿಸುವ ಕೋರ್ಸು ಕಲಿತಳು. ಈಗ ಮನೆಗಳ ಒಳಾಂಗಣ ಮಾಡಿಸುವ ಆಫೀಸೊಂದರಲ್ಲಿದ್ದಾಳೆ, ಮೆಸೇಜು ಬರೆಯುವುದಿಲ್ಲ, ನಾಲ್ಕು ನಾಲ್ಕು ನಿಮಿಷದ ವಾಯ್ಸ್ ಕಳಿಸುತ್ತಾಳೆ. ನಾನು ಟೀಚರಾದೆ. ಬಹಳ ಚೊಕ್ಕಟವಾದ ಮನೆಪಾಠ ಕಂಡರೆ ಇಂದಿಗೂ ಪೂರ್ತಿ ನಂಬುವುದಿಲ್ಲ, ಆ ಮಗುವನ್ನು ಹತ್ತಿರ ಕೂರಿಸಿಕೊಂಡು ಎದುರಿಗೇ ಬರೆಸುತ್ತೇನೆ.

ಆದರೆ ಆ ಖೋಲಿ ಎಂದಾಗ ನನಗೆ ಮೊದಲು ನೆನಪಾಗುವುದು ಕಾಗದ ಕೈಗೆ ಬಂದ ವಾರದ ಒಂದು ಸಂಜೆ. ಅವ್ವ ಸಂತೆಗೆ ಹೋಗಿದ್ದಳು. ವಡಾಲ ಕಡೆಯಿಂದ ಲೋಕಲ್ ಹೋಗುವ ಸದ್ದು ಬರುತ್ತಿತ್ತು. ಸರೋಜಕ್ಕನ ಮನೆಯಿಂದ ಒಗ್ಗರಣೆಯ ವಾಸನೆ. ಕಸ್ತೂರಿ ನೆಲದ ಮೇಲೆ ಬೋರಲಾಗಿ ಮಲಗಿ, ಹೊಸ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಪುಟವೆಲ್ಲ ಟೀಚರ ಕೆಂಪು ಗುರುತು. ಒಂದು ಶಬ್ದವನ್ನು ನಾಲ್ಕು ಸಲ ಅಳಿಸಿ ಹಾಳೆ ತೂತಾಗುವಂತಾಗಿತ್ತು. ನನಗೆ ನೋಡಲಾಗಲಿಲ್ಲ, ಕೈ ತಾನಾಗಿ ಪೆನ್ಸಿಲಿಗೆ ಹೋಯಿತು. ಆಕೆ ನೋಟ್‌ಬುಕ್ಕನ್ನು ಎದೆಗೆ ಎಳೆದುಕೊಂಡಳು.

"ಬ್ಯಾಡಕ್ಕ. ತಪ್ಪಾದ್ರೂ ನಂದ ಇರ್ಲಿ."

ಸಿಟ್ಟಿನಿಂದ ಹೇಳಿದ ಮಾತಲ್ಲ. ಸ್ವಲ್ಪ ಹೊತ್ತು ಬಿಟ್ಟು ತಾನೇ ಕೇಳಿದಳು:

"ಕ್ಕ ಹೆಂಗ? ತೋರಿಸಷ್ಟ. ಬರೀಬ್ಯಾಡ."

ನಾನು ನನ್ನ ಅಂಗೈ ಮೇಲೆ ಬೆರಳಿನಿಂದ ಬಿಡಿಸಿ ತೋರಿಸಿದೆ. ಮೇಲೆ ಒಂದು, ಅದರ ಕೆಳಗೆ ಒಂದು. ಮೇಲಿನದನ್ನು ಮೊದಲು ಓದುವುದು ಎಂದೂ ಹೇಳಿದೆ. ಆಕೆ ಬಹಳ ಹೊತ್ತು ನನ್ನ ಅಂಗೈಯನ್ನೇ ನೋಡಿ, ಮತ್ತೆ ಹಾಳೆಯ ಮೇಲೆ ಬಗ್ಗಿದಳು. ತಪ್ಪು ಬರೆದಳು. ಅಳಿಸಿದಳು. ಮತ್ತೆ ಬರೆಯತೊಡಗಿದಳು. ನಾನು ನನ್ನ ಎರಡೂ ಕೈಗಳನ್ನು ತೊಡೆಗಳ ಕೆಳಗೆ ಒತ್ತಿಟ್ಟುಕೊಂಡು ಕೂತೆ.